ಯಾರೂ ಹಾಡಬಾರದ ಸಾಲು

ಭಾನುವಾರ, ಮಧ್ಯಾಹ್ನ

ತಮ್ಮಾ,

ಮೊದಲು ‘ಚಿರಂಜೀವಿ’ ಎಂದು ಬರೆದು, ಆಮೇಲೆ ಹೊಡೆದುಹಾಕಿದ್ದೇನೆ, ಕಾಣಿಸುತ್ತಿರಬೇಕು. ನೂರು ವರ್ಷ ಬಾಳು, ಬೇಡ ಅನ್ನುವುದಿಲ್ಲ. ಆದರೆ ಇವತ್ತು ಅಕ್ಕರೆಯ ಮಾತು ಬರೆಯಲು ನನಗೆ ಕೈ ಬರುತ್ತಿಲ್ಲ. ನಿನ್ನ ಕಾಗದ, ಅದರ ಜೊತೆಗಿದ್ದ ಬಂಗಾರದ ಅಂಚಿನ ಆಹ್ವಾನ ಪತ್ರಿಕೆ, ಎರಡೂ ತಲುಪಿವೆ. ಬರುವ ಶನಿವಾರ ನಿಮ್ಮ ರೇಡಿಯೋ ನಿಲಯದಲ್ಲಿ ದೊಡ್ಡ ಸಮಾರಂಭ, ಸೇನೆಯ ಹಿರಿಯರೆಲ್ಲ ಬರುತ್ತಾರೆ, ದೇಶಕ್ಕೆಲ್ಲ ನೇರ ಪ್ರಸಾರ, ಭಾವನಿಗೆ ಸಮವಸ್ತ್ರ ಹಾಕಿಸಿ ಕರೆದುಕೊಂಡು ಬಾ ಎಂದು ಬರೆದಿದ್ದೀಯ. ತಮ್ಮ ತುಕಡಿಯ ಹಾಡನ್ನು ಅವರು ಹಾಡಬೇಕಾಗಿಯೂ ಇಲ್ಲವಂತೆ. ಹಿಂದೆ ನಿನ್ನ ಗಾಯಕರು ಹಾಡುತ್ತಾರಂತೆ, ಇವರು ಮುಂದೆ ನಿಂತು ಬಾಯಿ ಆಡಿಸಿದರೆ ಸಾಕಂತೆ. ಓದಿದಾಗಿನಿಂದ ಮೈಯೆಲ್ಲ ಉರಿಯುತ್ತಿದೆ. ಅವರು ಬರುವುದಿಲ್ಲ.

ಆ ಹಾಡು ನಿನಗೆ ಸಿಕ್ಕಿದ್ದು ಎಲ್ಲಿ ಎಂಬುದನ್ನು ಮರೆತಿದ್ದೀಯೇನೋ. ನನ್ನ ಅಡುಗೆಮನೆಯಲ್ಲಿ. ಯುದ್ಧ ಇನ್ನೂ ನಡೆಯುತ್ತಿತ್ತು, ಇವರು ರಜೆಯ ಮೇಲೆ ಬಂದಿದ್ದರು. ನೀನು ನನ್ನ ದೊಡ್ಡ ಪಾತ್ರೆಯನ್ನು ಬೋರಲು ಹಾಕಿಕೊಂಡು ತಾಳ ಹಾಕಿದೆ, ಅದರ ತಳದ ತಗ್ಗು ಇನ್ನೂ ಹಾಗೇ ಇದೆ. ಇವರ ತುಕಡಿಯಲ್ಲಿ ಏಳು ಜನ. ಗುಡ್ಡ ಹತ್ತಿ ಇಳಿದು, ಮುಂದಿನ ಸಾಲಿನ ಕಂದಕದವರೆಗೆ ಟೆಲಿಫೋನ್ ತಂತಿ ಎಳೆಯುವುದು ಅವರ ಕೆಲಸ. ತಂತಿಯ ಉರುಳೆ ಹೆಣಭಾರ, ಹೆಜ್ಜೆ ತಪ್ಪಿದರೆ ಏಳೂ ಜನ ಮುಗ್ಗರಿಸುತ್ತಾರೆ. ಅದಕ್ಕೆ ಹಾಡು. ಒಬ್ಬೊಬ್ಬರದು ಒಂದೊಂದು ಸಾಲು, ಅವರವರ ಪಾಡನ್ನು ಅವರವರೇ ಕಟ್ಟಿಕೊಂಡದ್ದು. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಉದ್ದನೆಯವನದು, ‘ಕಂಬಳಿ ಕೊಟ್ರು, ಮೊಣಕಾಲಿಗೇ ಮುಗೀತು.’ ಕ್ಷೌರಿಕನದು, ‘ಗಡ್ಡ ಬಿಟ್ಟೋರೆಲ್ಲ ಬನ್ನಿ, ಕತ್ತಿ ಮೊಂಡಾಗಿದೆ.’ ಮೇಷ್ಟ್ರದು, ‘ಮಗು ಹುಟ್ತಂತೆ, ಯಾರ ಹಾಗಿದೆ ಅಂತ ಬರೀಲಿಲ್ಲ.’ ಉರುಳೆಯ ಹಿಂದೆ ಬಾಲ ಹಿಡಿದು ಬರುತ್ತಿದ್ದ ಇವರದು ಕಟ್ಟಕಡೆಯ ಸಾಲು: ‘ಎಷ್ಟು ಉದ್ದ ತಂತಿ ಎಳೆದ್ರೂ ಮನೆ ಸಿಗಲಿಲ್ಲ.’

ಅವತ್ತು ಹಾಡುತ್ತಾ ಇವರು ಎರಡು ಕಡೆ ನಿಲ್ಲಿಸಿದರು. ಬಾಯಿ ಮುಚ್ಚಿತ್ತು, ಕಾಲು ಮಾತ್ರ ನೆಲಕ್ಕೆ ತಟ್ಟುತ್ತಿತ್ತು. ಭಾವನಿಗೆ ವಯಸ್ಸಾಯಿತು, ಸಾಲು ಮರೆಯುತ್ತಿದೆ ಎಂದು ನೀನು ಕಾಲೆಳೆದೆ. ಇವರು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

“ಮರೆತಿಲ್ಲಪ್ಪ. ಒಂದು ಮೇಷ್ಟ್ರ ಸಾಲು, ಇನ್ನೊಂದು ಕ್ಷೌರಿಕಂದು. ಇಬ್ರೂ ಇಲ್ಲ ಈಗ. ಇಲ್ಲದೋರ ಸಾಲು ಬೇರೆಯವರು ಹಾಡೋ ಹಾಗಿಲ್ಲ. ಅಷ್ಟು ಹೊತ್ತು ಸುಮ್ನೆ ನಡೀತೀವಿ.”

ಮಾತೇನು ಎಂದು ನೀನು ಕೇಳಿದ್ದಕ್ಕೆ ಆ ಎರಡು ಸಾಲುಗಳನ್ನು ಇವರು ಬರೀ ಬಾಯಿಮಾತಿನಲ್ಲಿ ಹೇಳಿದರು, ರಾಗ ಹಾಕಲಿಲ್ಲ. ನಿನ್ನ ಕೈ ಪಾತ್ರೆಯ ಮೇಲೆ ನಿಂತುಹೋಯಿತು. ಕಣ್ಣು ಒರೆಸಿಕೊಂಡೆ. ನಾನು ನೋಡಿದ್ದೇನೆ. ಅಂದರೆ ನಿನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದೆ.

ಆ ರಜೆ ಮುಗಿಸಿ ಹೋದ ಮೇಲೆ ಉಳಿದ ನಾಲ್ವರೂ ಸತ್ತರು. ಇವರೊಬ್ಬರೇ ಮನೆಗೆ ಬಂದರು. ಬಂದವರು ಬಟ್ಟೆ ಬಿಚ್ಚಿ ಬಿಸಿನೀರು ಹೊಯ್ದುಕೊಳ್ಳುವ ಮೊದಲೇ ಬೀದಿಯ ಧ್ವನಿವರ್ಧಕದಲ್ಲಿ ನಿನ್ನ ಹಾಡು ಶುರುವಾಯಿತು. ಪಿಟೀಲು, ತುತ್ತೂರಿ, ಊಟ ಸರಿಯಾಗಿ ಸೇರಿದ ಏಳು ಗಂಟಲು. ಒಂದು ಸಾಲೂ ಖಾಲಿ ಇಲ್ಲ. ಮಾತುಗಳನ್ನಾದರೂ ಉಳಿಸಿದೆಯಾ? ಉದ್ದನೆಯವನ ಕಂಬಳಿ ಈಗ ಬೆಚ್ಚಗಿದೆ. ಮೇಷ್ಟ್ರ ಮಗು ದೊಡ್ಡವನಾಗಿ ಬಂದೂಕು ಹಿಡಿಯುತ್ತಾನೆ. ಆ ಮಗು ಹೆಣ್ಣು ಕಣೋ! ಇವರು ಹೋಗಿ ನೋಡಿಕೊಂಡು ಬಂದಿದ್ದಾರೆ, ಥೇಟ್ ಮೇಷ್ಟ್ರ ಹಾಗೇ ಅಗಲ ಕಿವಿಯಂತೆ. ಇನ್ನು ಇವರ ಸಾಲು, ಎಷ್ಟು ತಂತಿ ಎಳೆದರೂ ದಣಿವೇ ಆಗುವುದಿಲ್ಲವಂತೆ. ಮೇಲಿನವರು ಬದಲಾಯಿಸಿ ಎಂದರು, ನಾನೇನು ಮಾಡಲಿ ಎಂದು ಬರೆದಿದ್ದೀಯ. ಮೇಲಿನವರಲ್ಲಿ ಯಾರಾದರೂ ಆ ಉರುಳೆಗೆ ಹೆಗಲು ಕೊಟ್ಟಿದ್ದರಾ ಎಂದು ಒಂದು ಸಲ ಕೇಳಬಹುದಿತ್ತು.

ನನ್ನ ಗತಿ ಕೇಳು. ಸಮವಸ್ತ್ರ ಹೊಲಿಯುವ ನಮ್ಮ ಕಾರ್ಖಾನೆಯಲ್ಲೂ ಅದೇ ಹಾಡು. ಬೆಳಿಗ್ಗೆ ಯಂತ್ರ ಶುರುವಾದಾಗ, ಚಹಾ ಮುಗಿದಾಗ, ಸಂಜೆ ಕೈ ಸೋತಾಗ. ನಿಲ್ಲಿಸಿ ಎಂದು ಮೇಲ್ವಿಚಾರಕಿಯನ್ನು ಕೇಳಿಕೊಂಡೆ. ಈ ಹಾಡು ಬಂದ ಮೇಲೆ ತೋಳು ಜೋಡಿಸುವ ಕೆಲಸ ಎಷ್ಟು ಚುರುಕಾಗಿದೆ ಗೊತ್ತಾ ಎಂದಳು ಮಹರಾಯಿತಿ. ಸತ್ತವರ ಸಾಲಿಗೆ ಯಂತ್ರ ತುಳಿಯುತ್ತಾ ಮುಂದಿನ ಯುದ್ಧದಲ್ಲಿ ಸಾಯುವವರಿಗೆ ಅಂಗಿ ಹೊಲಿಯುತ್ತಿದ್ದೇನೆ. ಮೊನ್ನೆ ಒಂದು ಅಂಗಿಗೆ ಎರಡೂ ಎಡತೋಳು ಜೋಡಿಸಿಬಿಟ್ಟೆ. ಬಿಚ್ಚಲು ಹೇಳಿದರು, ಬಿಚ್ಚಿದೆ.

ಇವರದು ಇನ್ನೂ ಕಷ್ಟ. ಹೋದ ವಾರ ಗಡ್ಡ ಮಾಡಿಸಿಕೊಳ್ಳಲು ಹೋಗಿದ್ದರು. ಅರ್ಧ ಕೆನ್ನೆ ಆಗಿತ್ತು, ಅಂಗಡಿಯ ರೇಡಿಯೋದಲ್ಲಿ ಕ್ಷೌರಿಕನ ಸಾಲು ಬಂತು, ಜೇನು ಸುರಿದ ಗಂಟಲಿನಲ್ಲಿ. ಎದ್ದು ಬಂದುಬಿಟ್ಟರು, ಕೊರಳಿಗೆ ಟವೆಲು, ಒಂದು ಕೆನ್ನೆಗೆ ನೊರೆ. ಬೀದಿಯವರೆಲ್ಲ ನಕ್ಕರು. ನನಗೂ ಮೊದಲು ನಗು ಬಂತು. ಆಮೇಲೆ ಇವರು ನನ್ನನ್ನು ಕೇಳಿದರು, “ಅವನ ಸಾಲನ್ನ ಅವನಿಗೆ ಬಿಟ್ಟುಕೊಡೋಕೆ ಇವರಿಗೇನು ಕಷ್ಟ?” ಈ ಪ್ರಶ್ನೆಗೆ ನೀನು ಉತ್ತರ ಕೊಡು.

ಸತ್ತವರ ಸಾಲಿನ ಜಾಗದಲ್ಲಿ ಮೌನ ಬಿಡು ಎಂದು ನಾನು ಹಿಂದೆಯೇ ಬರೆದಿದ್ದೆ. ಅದಕ್ಕೆ ನೀನು ಕೊಟ್ಟ ಉತ್ತರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರೇಡಿಯೋದಲ್ಲಿ ಮೌನ ಬಂದರೆ ಕೇಳುವವರು ಪೆಟ್ಟಿಗೆ ಕೆಟ್ಟಿತು ಎಂದು ತಟ್ಟುತ್ತಾರಂತೆ, ನಿಮ್ಮ ಎಂಜಿನಿಯರ್ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಏನಾದರೊಂದು ಹಾಡಿನ ತಟ್ಟೆ ಹಾಕುತ್ತಾನಂತೆ. ನಿಲಯದ ನಿಯಮವಂತೆ. ಏಳು ಜನ ಹೆಗಲು ಕಿತ್ತುಹೋಗುವ ಭಾರ ಹೊತ್ತುಕೊಂಡು ಪಾಲಿಸಿದ ನಿಯಮಕ್ಕಿಂತ ನಿಮ್ಮ ನಿಯಮ ದೊಡ್ಡದಾಯಿತು.

ಲೋ ಪೀಪಿ, ಈ ಹೆಸರು ನಿನಗೆ ಬಂದದ್ದೇ ಅದರಿಂದ, ಚಿಕ್ಕವನಿದ್ದಾಗ ಎಲೆ ಸುತ್ತಿ ಊದಿ ಊದಿ ಅಕ್ಕಪಕ್ಕದವರ ತಲೆ ತಿನ್ನುತ್ತಿದ್ದೆ. ಅವರು ಜಗಳಕ್ಕೆ ಬಂದರೆ ಬಾಗಿಲಿಗೆ ಅಡ್ಡ ನಿಂತು, ನಮ್ಮ ಹುಡುಗನಿಗೆ ಕಿವಿ ಇದೆ, ನಿಮಗಿಲ್ಲ ಎಂದು ವಾದಿಸಿದವಳು ನಾನು. ಆ ಕಿವಿಯನ್ನು ಯಾರಿಗೆ ಒಪ್ಪಿಸಿದೆಯೋ? ಆಹ್ವಾನ ಪತ್ರಿಕೆ ವಾಪಸು ಕಳಿಸುತ್ತಿದ್ದೇನೆ. ಭಾವ ಊರಲ್ಲಿಲ್ಲ ಎಂದು ಹೇಳು, ಕಾಯಿಲೆ ಎಂದು ಹೇಳು, ಏನಾದರೂ ಹೇಳು.

ಸಿಟ್ಟಿನಲ್ಲಿರುವ,
ಆದರೂ ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವವಳಿದ್ದೆ, ಈಗ ಮತ್ತೆ ಬರೆಯುತ್ತಿದ್ದೇನೆ. ನಿನ್ನ ಆಹ್ವಾನದ ವಿಷಯ ನಾನು ಇವರಿಗೆ ಹೇಳಿಯೇ ಇರಲಿಲ್ಲ. ನೊಂದುಕೊಳ್ಳುತ್ತಾರೆ ಎಂದು ಬಚ್ಚಿಟ್ಟಿದ್ದೆ. ಇಷ್ಟು ಉದ್ದ ಯಾರಿಗೆ ಬರೆಯುತ್ತಿದ್ದೀಯ ಎಂದು ಬಂದವರು ಪತ್ರಿಕೆ ನೋಡಿಬಿಟ್ಟರು. ನೇರ ಪ್ರಸಾರ ಅಂದರೆ ಮಧ್ಯೆ ಕತ್ತರಿಸಲು ಆಗುವುದಿಲ್ಲ ಅಲ್ಲವಾ ಎಂದು ಕೇಳಿದರು. ಆಗಲಿಕ್ಕಿಲ್ಲ ಎಂದೆ. “ಬರ್ತೀನಿ ಅಂತ ಬರಿ. ಅವರ ಹಾಡುಗಾರರು ಬೇಡ. ಹಾಡು ಪೂರ್ತಿ ನಾನೇ ಹಾಡ್ತೀನಿ” ಎಂದರು. ಆಮೇಲೆ ಇಲ್ಲೇ, ನೀನು ಕೂತಿದ್ದ ಜಾಗದಲ್ಲೇ ಕೂತು, ಒಮ್ಮೆ ಹಾಡಿ ನೋಡಿದರು. ಮೊದಲ ಸಾಲಿನಿಂದ ಕಾಲು ತಟ್ಟುತ್ತಾ ಹೋದರು, ಬಾಯಿ ತೆರೆದದ್ದು ಕೊನೆಯ ತಮ್ಮ ಸಾಲಿಗೆ ಮಾತ್ರ. ಚಹಾ ಉಕ್ಕಿ ಒಲೆಯೆಲ್ಲ ಆಯಿತು, ನಾನು ಏಳಲಿಲ್ಲ. ಮನೆಯಲ್ಲೇ ಕೂತು ‘ಮನೆ ಸಿಗಲಿಲ್ಲ’ ಎಂದು ಹಾಡಿದರು ಕಣೋ.

ಶನಿವಾರ ಬರುತ್ತೇವೆ. ಎಂಜಿನಿಯರಿಗೆ ಹೇಳಿಡು, ಓಡಿ ಬರಬೇಡ, ಪೆಟ್ಟಿಗೆ ಕೆಟ್ಟಿಲ್ಲ ಅಂತ.