ಅಮ್ಮ ಕೇಳಿದ ಫೋಟೋ

ಅಕ್ಕಾ,

ಮುಖ ನೋಡದೆ ಮದುವೆಗೆ ಒಪ್ಪುವುದಿಲ್ಲ ಎಂದು ಅಮ್ಮ ಪಟ್ಟು ಹಿಡಿದಿದ್ದಾಳಲ್ಲ, ಹುಡುಗನ ಫೋಟೋ ತೆಗೆದೆ. ಈ ಊರಲ್ಲಿ ಚಳಿಗಾಲಕ್ಕೆ ನಾಲ್ಕೂವರೆಗೇ ಕತ್ತಲು, ನಮ್ಮಿಬ್ಬರ ಕೆಲಸ ಬಿಡುವುದು ಆರಕ್ಕೆ. ಭಾವ ಹೇಳಿಕೊಟ್ಟ ಹಾಗೆ ಫ್ಲ್ಯಾಷ್ ಆಫ್ ಮಾಡಿ, ಅವರ ಪುಟ್ಟ ಕ್ಯಾಮೆರಾ ಅಲುಗದಂತೆ ಲಾಂಡ್ರಿಯ ಕಟ್ಟೆಯ ಮೇಲೆ ಉಪ್ಪಿನ ಪ್ಯಾಕೆಟ್ಟಿನ ಮೇಲೆ ಒತ್ತಿ ಕೂರಿಸಿ ಟೈಮರ್ ಹಾಕಿದೆ. ಕತ್ತಲಲ್ಲಿ ಚಿತ್ರ ಮೂಡಬೇಕಾದರೆ, ಎದುರಿಗೆ ಬೀದಿ ದೀಪದ ಕೆಳಗೆ ನಿಂತವರು ಎಂಟು ಸೆಕೆಂಡು ಮಿಸುಕಬಾರದು. ಇವರು ಗಡಿಯಾರ ರಿಪೇರಿಯವರು, ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದರೂ ಕೈ ನಡುಗುವುದಿಲ್ಲ. ನಾನು ಒಂದು, ಎರಡು ಎನ್ನತೊಡಗಿದರೆ ಮಾತ್ರ ನಿಲ್ಲಲಾರರು.

“ನೀವು ಎಣಿಸಿದ್ರೆ ನಗು ಬರುತ್ತೆ, ಏನ್ ಮಾಡ್ಲಿ” ಅಂದರು.

ಹನ್ನೊಂದು ಫೋಟೋದಲ್ಲೂ ದೀಪದ ಕಂಬ ಕೆತ್ತಿಟ್ಟ ಹಾಗೆ ಬಂದಿದೆ, ಇವರು ಬರೀ ಹೊಗೆ. ಕಂಬವನ್ನೇ ಅಳಿಯ ಮಾಡಿಕೊಳ್ಳುವುದಾದರೆ ಅಮ್ಮನಿಗೆ ಫೋಟೋ ಸಿದ್ಧವಿದೆ.

ಕೆಮ್ಮು ವಾಸಿಯಾಯಿತು, ಮಾತ್ರೆ ಕಳಿಸಬೇಡ.

ಹನ್ನೆರಡನೆಯ ಸಲ ಎಣಿಸುವುದನ್ನು ಬಿಟ್ಟು ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಈ ಕಾರ್ಡಿನ ಹಿಂಬದಿಗೆ ಅಂಟಿಸಿರುವುದು ಅದೇ. ಇವರ ಅಂಗಿಯ ಗುಂಡಿ ಸಹ ಎಣಿಸಬಹುದು. ಜಾಗ ಮುಗಿಯಿತು. ಅಮ್ಮ ಕೇಳಿದರೆ ಹೇಳು, ಪಕ್ಕದಲ್ಲಿರುವ ಹೊಗೆ ನಾನು.

ನಿನ್ನ ತಂಗಿ