ನನ್ನ ಕಡೆಯ ಬ್ರೇಕು

ಮನೆಯಿಂದ,
ಶುಕ್ರವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ರಾತ್ರಿ ಪಾಳಿ ಮುಗಿಯಿತೇ, ಇನ್ನೂ ಇದೆಯೇ? ಊರಿನವರ ನಾಡಿಯನ್ನೆಲ್ಲ ಹಿಡಿದು ನೋಡುವ ನರ್ಸಮ್ಮ ತನ್ನ ಕೆಮ್ಮನ್ನು ಮಾತ್ರ ನಾಳೆಗೆ ಮುಂದೂಡುತ್ತಾಳೆ ಎಂದು ನಿಮ್ಮಮ್ಮ ದಿನಕ್ಕೊಮ್ಮೆಯಾದರೂ ಗೊಣಗುತ್ತಾಳೆ. ಬಿಸಿನೀರು ಕುಡಿ, ಹೊತ್ತಿಗೆ ಸರಿಯಾಗಿ ಉಣ್ಣು. ನಾವಿಬ್ಬರೂ ಚೆನ್ನಾಗಿದ್ದೇವೆ, ನನ್ನ ಬಲ ಮಂಡಿಯೊಂದನ್ನು ಬಿಟ್ಟು. ಅದರ ವಿಷಯ ಆಮೇಲೆ ಬರುತ್ತದೆ. ಫೋನಿನಲ್ಲಿ ಹೇಳದೆ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ನಾನು ಫೋನು ಹಿಡಿದರೆ ನಿಮ್ಮಮ್ಮನ ಕಿವಿ ಅಡುಗೆಮನೆಯಿಂದ ಹಜಾರಕ್ಕೆ ಬರುತ್ತದೆ, ಮತ್ತು ಈ ಸುದ್ದಿ ಅವಳದೇ.

ಈ ಭಾನುವಾರ ನಿನ್ನ ಮನೆಗೆ ಬರುತ್ತೇವೆಂದು ಕುಣಿಯುತ್ತಿದ್ದವಳು ಮಂಗಳವಾರ ಫೋನು ಮಾಡಿ ‘ಈಗ ಬೇಡ ಬಿಡು, ಆಮೇಲೆ ನೋಡೋಣ’ ಎಂದಳಲ್ಲ, ಆ ‘ಆಮೇಲೆ’ಯ ಹಿಂದಿನ ಕಥೆ ಹೇಳುತ್ತೇನೆ. ನೀನು ಹೊಸ ಮನೆಗೆ ಹೋಗಿ ವರ್ಷ ತುಂಬಿತು, ನಾವಿನ್ನೂ ಅದರ ಬಾಗಿಲು ಕಂಡಿಲ್ಲ. ನೇರ ಬಸ್ಸಿಲ್ಲ, ನನಗೆ ಅಷ್ಟು ದೂರ ಕಾರು ಓಡಿಸಲಾಗುವುದಿಲ್ಲ. ‘ನಿಮ್ಮ ಮಂಡಿ ನಂಬ್ಕೊಂಡ್ರೆ ಮಗಳ ಮನೆ ಕಂಡ ಹಾಗೇ’ ಎಂದು ಅವಳು ಈ ವಯಸ್ಸಿನಲ್ಲಿ ಸ್ಟಿಯರಿಂಗ್ ಹಿಡಿದಾಗ ನಾನು ನಕ್ಕಿದ್ದೆ. ಹೋದ ತಿಂಗಳು ಲೈಸೆನ್ಸ್ ಬಂದಾಗಲೂ ಅರ್ಧ ನಕ್ಕೆ. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರು ನಿನಗೆ ಗೊತ್ತೇ ಇದೆ. ಓಡಿಸುವವರ ಕಾಲಡಿ ಮೂರು ಪೆಡಲ್, ಪಕ್ಕದಲ್ಲಿ ಕೂರುವ ನನ್ನ ಕಾಲಡಿ ಎರಡು, ಕ್ಲಚ್ಚು ಮತ್ತು ಬ್ರೇಕು. ನಿಲ್ಲಿಸುವ ಅಧಿಕಾರ ನನಗುಂಟು, ಓಡಿಸುವ ಅಧಿಕಾರವಿಲ್ಲ. ಆ ಬ್ರೇಕನ್ನು ನಾನೆಷ್ಟು ಧಾರಾಳವಾಗಿ ಬಳಸಿದೆನೆಂದರೆ ಶಿಷ್ಯರೆಲ್ಲ ನನಗೆ ಬ್ರೇಕ್ ಮೇಷ್ಟ್ರು ಎಂದೇ ಹೆಸರಿಟ್ಟರು. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತೇನೆ, ಸಿನಿಮಾದಲ್ಲಿ ಲಾರಿ ಬಂದರೂ ಒತ್ತುತ್ತೇನೆ. ನಿಮ್ಮಮ್ಮ ಓಡಿಸುವಾಗಲಂತೂ ಕೇಳಲೇಬೇಡ.

ಒಂದು ದಿನ ಅವಳು ರಸ್ತೆ ಬದಿಗೆ ಕಾರು ನಿಲ್ಲಿಸಿ, ‘ರೀ, ಈ ಪೆಡಲ್ಲು ಬಚ್ಚಲಲ್ಲಿ ಉಳಿದ ಸಾಬೂನು ಚೂರಿನ ಥರ ಆಗಿದೆ, ಕಾಲು ಜಾರ್ತಿದೆ’ ಎಂದಳು. ಬಗ್ಗಿ ನೋಡಿದರೆ ನಿಜ, ರಬ್ಬರಿನ ಗೀರುಗಳೆಲ್ಲ ಸವೆದು ನುಣ್ಣಗಾಗಿದ್ದವು. ಬಿಡಿಭಾಗಗಳ ಅಂಗಡಿಯವನು ಅಲ್ಯೂಮಿನಿಯಂ ತಟ್ಟೆಯ ಮೇಲೆ ರಬ್ಬರಿನ ಗುಬುಟುಗಳಿರುವ ಪೆಡಲ್ ಕವರ್ ತೋರಿಸಿದ. ಸೆಟ್ಟಿಗೆ ಮೂರು, ನಮಗೆ ಬೇಕಾದದ್ದು ಐದು. ಎರಡು ಸೆಟ್ ತಂದೆ. ಮಿಕ್ಕಿದ ಆಕ್ಸಿಲರೇಟರ್ ಕವರ್ ಈಗ ಬಚ್ಚಲಲ್ಲಿ ಸಾಬೂನು ಒಣಗಿಸುವ ಕೆಲಸದಲ್ಲಿದೆ.

ಸೋಮವಾರ ಸಂಜೆ ನಾವೇ ಅವನ್ನು ಕೂರಿಸಿದೆವು. ನಾನು ಸ್ಟಿಯರಿಂಗಿನ ಅಡಿಗೆ ತಲೆ ತೂರಿಸಿ ಕಾಲು ಹೊರಗೆ ಚಾಚಿ ಮಲಗಿದೆ, ನಿಮ್ಮಮ್ಮ ಟಾರ್ಚು ಹಿಡಿದಳು. ಹಳೆಯ ರಬ್ಬರು ಸುಲಿದು, ಜಿಡ್ಡು ಒರೆಸಿ, ಹೊಸ ಕವರನ್ನು ಪೆಡಲಿನ ಮುಖಕ್ಕಿಟ್ಟು, ಹಿಂದಿನಿಂದ ಪಟ್ಟಿ ಕೊಟ್ಟು ಬೋಲ್ಟು ಬಿಗಿಯಬೇಕು. ಬ್ರೇಕಿನ ಕವರ್ ಆಕ್ಸಿಲರೇಟರಿನ ಕಡೆಗೆ ಚಾಚಿಕೊಳ್ಳಬಾರದು, ಇಲ್ಲದಿದ್ದರೆ ಒಂದನ್ನು ಒತ್ತಲು ಹೋದ ಬೂಟಿಗೆ ಎರಡೂ ಸಿಗುತ್ತವೆ. ಆಗ ಕಂಡಿತು ಮಗಳೇ, ನನ್ನ ಬ್ರೇಕಿನಿಂದ ಅವಳ ಬ್ರೇಕಿಗೆ ಹೋಗುವ ತಂತಿ. ನಾನು ಒತ್ತಿದರೆ ಅದು ಅವಳ ಪೆಡಲನ್ನು ಎಳೆಯುತ್ತದೆ, ಅವಳು ಒತ್ತಿದರೆ ನನ್ನದು ಅಲುಗುವುದಿಲ್ಲ. ಪೆನ್ಸಿಲಿನಷ್ಟು ದಪ್ಪವೂ ಇಲ್ಲ! ಅರ್ಧ ಊರು ಈ ಒಂದು ತಂತಿಯ ದಯೆಯಿಂದ ಕಾರು ಕಲಿಯಿತಲ್ಲ ಎಂದು ಮಲಗಿದಲ್ಲೇ ಬೆರಗಾದೆ. ‘ನಿದ್ದೆ ಬಂತಾ?’ ಎಂದು ನಿಮ್ಮಮ್ಮ ಟಾರ್ಚಿನಿಂದ ಕಾಲಿಗೆ ತಟ್ಟಿದಳು.

ನಾನು ಬಿಗಿದದ್ದನ್ನೆಲ್ಲ ಅವಳು ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿದಳು. ಕವರುಗಳ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿತ್ತು. ತನ್ನ ಕಡೆಯ ಮೂರನ್ನೂ ಅಲ್ಲೇ ಕಿತ್ತು ಬಿಸಾಕಿದಳು. ನನ್ನ ಸ್ವಭಾವ ನಿನಗೆ ಗೊತ್ತು, ನಮ್ಮ ಟಿವಿಯ ರಿಮೋಟು ಇವತ್ತಿಗೂ ಅಂಗಡಿಯಿಂದ ಬಂದ ಹಾಳೆಯೊಳಗೇ ಇದೆ. ನನ್ನ ಎರಡರ ಮೇಲೆ ಹಾಗೇ ಇರಲಿ, ಹೊಸದು ಹೊಸದಾಗಿಯೇ ಇರಲಿ ಎಂದೆ. ‘ಇಟ್ಕೊಳ್ಳಿ, ಮೊಮ್ಮಕ್ಕಳು ಬಂದು ಕೀಳ್ತಾರೆ’ ಎಂದು ಒಳಗೆ ಹೋದಳು.

ಮಂಗಳವಾರ ಬೆಳಿಗ್ಗೆ ಕೊನೆಯ ಅಭ್ಯಾಸಕ್ಕೆಂದು ಹೊರಟೆವು. ಮಂಚ, ಬೀರು ಮಾರುವ ಅಂಗಡಿಗಳ ಬೀದಿಯಲ್ಲಿ, ನಿಂತಿದ್ದ ವ್ಯಾನೊಂದರ ಮರೆಯಿಂದ ಇದ್ದಕ್ಕಿದ್ದಂತೆ ಒಂದು ಕಾರು ನಮ್ಮೆದುರಿಗೇ ಬಂತು. ಅದನ್ನು ಓಡಿಸುತ್ತಿದ್ದವಳು ನಿಮ್ಮಮ್ಮ. ಪಕ್ಕದಲ್ಲಿ ಬಾಯಿ ತೆರೆದುಕೊಂಡು ಕೂತಿದ್ದವನು ನಾನು! ಇಬ್ಬರು ಆಳುಗಳು ಗೋಡೆಯಗಲದ ಕನ್ನಡಿಯೊಂದನ್ನು ಹಿಡಿದು ರಸ್ತೆ ದಾಟುತ್ತಿದ್ದರು. ಕನ್ನಡಿಯ ಕೆಳಗೆ ಅವರ ಕಾಲುಗಳಷ್ಟೇ ಕಾಣುತ್ತಿದ್ದವು. ನನ್ನ ಕಾಲು ತಾನಾಗಿ ಹೋಗಿ ಒತ್ತಿತು. ಕಾರು ನಿಂತಿತು. ಕನ್ನಡಿಗೂ ನಮಗೂ ನಡುವೆ ಉಳಿದದ್ದು ಒಂದು ಗೇಣು. ಒಬ್ಬ ಆಳು ಅಂಚಿನಿಂದ ಇಣುಕಿ, ‘ಅಮ್ಮಾ, ಮುಖ ನೋಡ್ಕೊಂಡಾಯ್ತಾ? ಹೋಗ್ಲಾ?’ ಎಂದ.

ನಾನು ಎದೆಯುಬ್ಬಿಸಿ, ‘ನೋಡಿದ್ಯಾ, ನಾನು ಬ್ರೇಕ್ ಹಿಡೀದೆ ಇದ್ದಿದ್ರೆ?’ ಎಂದೆ. ಅವಳು ಮನೆಯವರೆಗೆ ಓಡಿಸಿಕೊಂಡು ಬಂದು ಕೀಲಿಯನ್ನು ಮೊಳೆಗೆ ತಗುಲಿಸಿದಳು. ‘ನನ್ನ ಕಾಲು ಏನ್ಮಾಡ್ತೋ ನನಗೇ ಗೊತ್ತಿಲ್ಲ. ನನ್ನಿಂದ ನಾಲ್ಕು ಜೀವ ಹೋಗ್ತಿತ್ತು. ನೀವಿದ್ರಿ, ಉಳೀತು. ಇನ್ನು ನಾನು ಆ ಸೀಟಲ್ಲಿ ಕೂರಲ್ಲ’ ಎಂದಳು. ನಿನಗೆ ಫೋನು ಮಾಡಿದ್ದು ಅದಾದ ಮೇಲೆ.

ಸಂಜೆ ಒಬ್ಬರಿಗೆ ಪಾಠವಿತ್ತು. ಪ್ಲಾಸ್ಟಿಕ್ಕಿನ ಮೇಲೆ ಬೂಟು ಜಾರೀತು, ತೆಗೆದೇ ಬಿಡೋಣ ಎಂದು ನನ್ನ ಕಡೆಯ ಬಾಗಿಲು ತೆರೆದು ಬಗ್ಗಿದೆ. ಬ್ರೇಕಿನ ಮೇಲಿನ ಹಾಳೆ ಅಂಟಿಸಿದ ಹಾಗೇ ಇತ್ತು. ಒಂದು ಸುಕ್ಕಿಲ್ಲ, ಒಂದು ಧೂಳಿನ ಗುರುತಿಲ್ಲ. ಕ್ಲಚ್ಚಿನ ಮೇಲೂ ಅಷ್ಟೇ. ಪಕ್ಕದ ಮ್ಯಾಟಿನಲ್ಲಿ ಮಾತ್ರ ನನ್ನ ಬೂಟಿನ ಅಚ್ಚು ಆಳವಾಗಿ ಬಿದ್ದಿತ್ತು. ನಂಬಲಾಗದೆ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಆ ಕನ್ನಡಿಯನ್ನು ನೆನೆದು ಒತ್ತಿದೆ. ಕಾಲು ಮತ್ತೆ ಮ್ಯಾಟಿಗೇ ಹೋಯಿತು. ಪೆಡಲಿನ ಎತ್ತರಕ್ಕೆ ಮಂಡಿ ಏಳಲೇ ಇಲ್ಲ. ಕೈಯಿಂದ ತೊಡೆ ಎತ್ತಿ, ಬೂಟನ್ನು ಬ್ರೇಕಿನ ಮೇಲಿಟ್ಟು ಒತ್ತಿದೆ. ಒಂದೇ ಒತ್ತಿಗೆ ಹಾಳೆ ಚರ್ರೆಂದು ಸುಕ್ಕಾಯಿತು. ಪಾಠಕ್ಕೆ ಬಂದವರನ್ನು ಹಾಗೇ ವಾಪಸು ಕಳಿಸಿದೆ.

ಕಾರು ನಿಲ್ಲಿಸಿದ್ದು ನಿಮ್ಮಮ್ಮ, ಮಗಳೇ. ನಾನಲ್ಲ, ಅವಳು. ಆಮೇಲೆ ಒಂದೊಂದಾಗಿ ಎಲ್ಲ ನೆನಪಾಯಿತು. ಎಂಜಿನ್ ಆರಿರಲಿಲ್ಲ. ಗಾಬರಿಬಿದ್ದವರು ಬ್ರೇಕನ್ನಷ್ಟೇ ತುಳಿಯುತ್ತಾರೆ, ಎಂಜಿನ್ ಗಕ್ಕೆಂದು ಆರುತ್ತದೆ. ಅವಳು ಕ್ಲಚ್ಚನ್ನೂ ಒತ್ತಿದ್ದಳು. ಕನ್ನಡಿಯಲ್ಲಿ ಕಂಡ ಮುಖ ನೆನಪಾಯಿತು. ನನ್ನ ಬಾಯಿ ತೆರೆದಿತ್ತು, ಅವಳ ತುಟಿ ಮುಚ್ಚಿತ್ತು, ಕಣ್ಣು ಆ ಆಳುಗಳ ಕಾಲಿನ ಮೇಲಿತ್ತು. ಹಾಲು ಉಕ್ಕುವ ಹೊತ್ತಿಗೆ ಯಾವ ಕೋಣೆಯಲ್ಲಿದ್ದರೂ ಎದ್ದು ಒಲೆಯ ಹತ್ತಿರ ಹೋಗಿಬಿಡುತ್ತಾಳಲ್ಲ, ಆಗಿನ ಮುಖ ಅದು. ಇಷ್ಟೊಂದು ಜನಕ್ಕೆ ಕಲಿಸಿದ್ದೇನೆ, ಕಲಿತದ್ದು ತಲೆಯಿಂದ ಕಾಲಿಗಿಳಿಯುವ ಆ ಗಳಿಗೆಯನ್ನು ನಾನು ನೋಡಿಯೇ ಇರಲಿಲ್ಲ. ಪ್ರತಿಸಲ ನನ್ನ ಕಾಲೇ ಮೊದಲು ಹೋಗಿಬಿಡುತ್ತಿತ್ತು. ಈ ಸಲ ಅದು ತಪ್ಪಿತು, ನೋಡಲು ಸಿಕ್ಕಿತು. ಆವತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳನ್ನೇ ನೋಡಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇಷ್ಟು ವರ್ಷ ನನ್ನ ಕಣ್ಣೇ ಹಾಗಿತ್ತು. ‘ಏನು, ಹಸಿವಾ?’ ಎಂದು ಕೇಳಿದಳು. ಹೌದು ಎಂದುಬಿಟ್ಟೆ.

ಅವಳಿಗಿದನ್ನು ಹೇಳಬೇಕು, ಬಾಯಿ ಬರುತ್ತಿಲ್ಲ. ಹೇಳಿದರೆ ನನ್ನ ಕಾಲಿನ ವಿಷಯವೂ ಹೊರಗೆ ಬರುತ್ತದೆ. ಬ್ರೇಕು ಒತ್ತಲಾಗದ ಮೇಲೆ ಬ್ರೇಕ್ ಮೇಷ್ಟ್ರು ಯಾತರ ಮೇಷ್ಟ್ರು? ಮಂಡಿನೋವು ಎಂದು ಸುಳ್ಳಲ್ಲದ ನೆಪ ಹೇಳಿ ಪಾಠ ನಿಲ್ಲಿಸಿದ್ದೇನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಾನು, ನಿನಗೆ ಗೊತ್ತೇ ಇದೆ. ಕೀಲಿ ಮೊಳೆಯಲ್ಲೇ ತೂಗುತ್ತಿದೆ, ಅದರ ಪಕ್ಕ ಹಾದುಹೋಗುವಾಗ ಅವಳು ಆ ಕಡೆ ನೋಡುವುದಿಲ್ಲ. ಅದನ್ನು ನೋಡಲಾಗುವುದಿಲ್ಲ ನನಗೆ. ನೀನೇ ಅವಳಿಗೆ ಹೇಳುತ್ತೀಯಾ? ನಿನ್ನ ಮಾತನ್ನು ನಂಬುತ್ತಾಳೆ. ಇದನ್ನು ಕೇಳಲೆಂದೇ ಕಾಗದ ಹಿಡಿದೆ.

ಕೆಮ್ಮಿಗೆ ಔಷಧಿ ತಗೋ. ನಿನ್ನ ಜೊತೆ ಕೆಲಸ ಮಾಡುವ ಮಕ್ಕಳಿಗೆಲ್ಲ ನನ್ನ ನೆನಪು ಹೇಳು. ನಿನ್ನ ಕೈ ಮುಟ್ಟಿದವರೆಲ್ಲ ಬೇಗ ಎದ್ದು ಓಡಾಡಲಿ, ನೀನು ನಗುನಗುತ್ತ ಬಾಳು.

ಇಂತಿ ನಿನ್ನ
ಅಪ್ಪ

ತಾ.ಕ.: ಶನಿವಾರ ಸಂಜೆ ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಲಕೋಟೆಗೆ ಅಂಟು ಹುಡುಕುತ್ತಿದ್ದಾಗ ನಿಮ್ಮಮ್ಮ ‘ಏನ್ರೀ ಇಷ್ಟುದ್ದ ಬರೆದಿದ್ದೀರಾ?’ ಎಂದಳು. ಮಗಳ ಹೆಗಲಿಗೆ ಹೊರಿಸುವ ಮಾತಲ್ಲ ಇದು ಅನ್ನಿಸಿ, ಕಾರಿನ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ತೋರಿಸಿ ನಾನೇ ಹೇಳಿದೆ. ಮ್ಯಾಟಿನ ಮೇಲಿನ ಅಚ್ಚನ್ನು ಬಹಳ ಹೊತ್ತು ನೋಡಿದಳು. ‘ಹಾಗಾದ್ರೆ ಇಷ್ಟು ದಿನ ನಿಮ್ಮ ಶಿಷ್ಯರನ್ನ ಯಾರ್ರೀ ಕಾಯ್ತಿದ್ರು?’ ಎಂದಳು. ಶಿಷ್ಯರನ್ನೆಲ್ಲ ಪಕ್ಕದ ಬೀದಿಯ ಸ್ಕೂಲಿಗೆ ಒಪ್ಪಿಸಿ ಬಂದೆ. ಮಧ್ಯಾಹ್ನ ಗ್ಯಾರೇಜಿಗೆ ಹೋಗಿ ನನ್ನ ಕಡೆಯ ಎರಡೂ ಪೆಡಲನ್ನು ತಂತಿ ಸಮೇತ ಬಿಚ್ಚಿಸಿದೆ. ಗ್ಯಾರೇಜಿನಿಂದ ಮನೆಗೆ ಅವಳೇ ಓಡಿಸಿದಳು. ಕೀಲಿ ಈಗ ಮೊಳೆಯಲ್ಲಿಲ್ಲ, ಅವಳ ಕೈಚೀಲದಲ್ಲಿದೆ. ನಾಳೆಯಲ್ಲ, ಮುಂದಿನ ಭಾನುವಾರ ಬರುತ್ತೇವೆ, ಗೇಟು ತೆರೆದಿಡು. ಓಡಿಸುವವಳು ನಿಮ್ಮಮ್ಮ. ನನ್ನ ಕಾಲಡಿ ಬರೀ ಮ್ಯಾಟು, ಎಷ್ಟು ಬೇಕಾದರೂ ಒತ್ತಿಕೊಳ್ಳಬಹುದು.