ಬದುವಿನ ಹುತ್ತದ ಅಣಬೆ

ಜೂನ್ ೧೧, ಮಂಗಳವಾರ
ಬೆಳಗ್ಗೆ ನಮ್ಮ ಯಜಮಾನರ ಶುಗರ್ ಚೆಕ್ ಮಾಡಿಸಿದೆವು. ಇಳಿದಿಲ್ಲ. ಎರಡು ಮುದ್ದೆ ನುಂಗುತ್ತಿದ್ದವರು ಒಂದಕ್ಕೆ ಬಂದಿದ್ದಾರೆ, ಮುಖ ಊದಿಸಿಕೊಂಡು. ಹೊಳೆನರಸೀಪುರದ ಡಾಕ್ಟರಮ್ಮ ಹೇಳಿದ್ದು: "ಇನ್ನೊಂದು ಮುದ್ದೆ ಬದಲು ಅಣಬೆ ಪಲ್ಯ ತಿನ್ನಿ ಕೆಂಪಣ್ಣೋರೆ. ಹೊಟ್ಟೆ ತುಂಬುತ್ತೆ, ಶುಗರ್ ಅಷ್ಟು ಏರಲ್ಲ. ಮಾತ್ರೆ ಮಾತ್ರ ಬಿಡಬೇಡಿ." ಮೈದುನ ಪಾಲಾಕ್ಷನೂ ಜೊತೆಗಿದ್ದ, ಅವನಿಗೂ ಅದೇ ಕಾಯಿಲೆ. ಕೊನೆಯ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ...
ಸಂಜೆ ಗುಡುಗಿತು. ಬದುವಿನ ಹುತ್ತದಲ್ಲಿ ಅಣಬೆ ಏಳುತ್ತದೆ. ಬದು ಅಣ್ಣ-ತಮ್ಮ ಇಬ್ಬರದೂ. ಅತ್ತೆ ಮಾಡುತ್ತಿದ್ದ ಹಾಗೆ ಮೊರದಲ್ಲಿ ಹರಡಿ ಎರಡು ಪಾಲು ಮಾಡುವುದು ನನ್ನ ಕೆಲಸ.

ಜೂನ್ ೧೪
ಮೊರ ಹಿಡಿದು ಹೋದರೆ ಹುತ್ತ ಬೋಳು. ಪಾಲಾಕ್ಷ ಟವೆಲ್ಲಿನ ತುಂಬ ಕಿತ್ತು ಗಂಟು ಹಾಕುತ್ತಿದ್ದ.
"ನನ್ ಪಾಲೆಲ್ಲಿ ಕಣ್ಲಾ?" ನನ್ನ ಹಿಂದೆಯೇ ಕೋಲೂರಿ ಬಂದ ಇವರು ಕೇಳಿದರು.
"ನಾನು ಮಾತ್ರೆ ಬುಟ್ಬುಟ್ಟಿವ್ನಿ. ಇನ್ಮ್ಯಾಕೆ ಇದೇ ನಂಗೆ ಔಷ್ದಿ. ನೀನು ಮಾತ್ರೆ ನುಂಗ್ಕೊಂಡು ಬಿದ್ಕೋ ಓಗು."
ಇವರ ಕೋಲು ಅವನ ಬೆನ್ನಿಗೆ. ಅವನೆತ್ತಿದ ಕಲ್ಲು ಇವರ ಬಾಯಿಗೆ. ಎರಡು ಹಲ್ಲು ಹೋದವು. ಕೆಸರಲ್ಲಿ ಉರುಳಾಡಿ ಒಬ್ಬರ ಕತ್ತು ಒಬ್ಬರು ಹಿಸುಕಿದರು. ಬಿಡಿಸಲು ಹೋದ ನನ್ನ ಪಕ್ಕೆಗೂ ಮೊಣಕೈ ಬಿತ್ತು. ಅಣಬೆಯೆಲ್ಲ ರಕ್ತದ ಜೊತೆ ಕಾಲಡಿ ಅರೆದುಹೋಯಿತು.

ಜೂನ್ ೨೯
ಮತ್ತೆ ಎದ್ದಿತ್ತು. ಇವರು ನಸುಕಿಗೇ ಹೋಗಿ ಎಲ್ಲ ಬಳಿದು ತಂದರು. ಅವನ ಪಾಲು ಕೊಡಿ ಅಂದೆ.
"ಅವನ್ಗಾ? ಎಲ್ಡು ಹಲ್ಲು ಕೊಟ್ಟಿವ್ನಿ, ಸಾಕು ಸುಮ್ಕಿರು ಬೆಟ್ಟಮ್ಮಿ."
ಅಷ್ಟರಲ್ಲಿ ಬದುವಿನ ಕಡೆಯಿಂದ ಕೂಗು. ಓಡಿದೆವು. ನಾವು ಹಾಲೆರೆಯುವ ಹುತ್ತಕ್ಕೆ ಪಾಲಾಕ್ಷ ಬರಿಗಾಲಲ್ಲಿ ನಿಂತು ಗುದ್ದಲಿ ಹಾಕುತ್ತಿದ್ದ.
"ನಂಗಿಲ್ದಿದ್ದು ಯಾರ್ಗೂ ಬ್ಯಾಡ!"
ಒಂದು ಏಟು ಜಾರಿ ಅವನ ಪಾದಕ್ಕೇ ಬಿತ್ತು. ಎಲುಬಿನ ಸದ್ದು ನನಗೆ ಕೇಳಿಸಿತು. ಅವನು ಪಾದದಿಂದ ಗುದ್ದಲಿ ಕಿತ್ತು ಮತ್ತೆ ಹುತ್ತಕ್ಕೆ ಹೊಡೆದ. ಮತ್ತೆ. ಮಣ್ಣೆಲ್ಲ ಕೆಂಪು.
"ಪಾಲಾಕ್ಷ, ಕಾಲು ನೋಡ್ಕೊಳಪ್ಪ" ಅಂದೆ.
"ಏನಾಗದೆ ಅತ್ಗೆ ಕಾಲ್ಗೆ?"
ಗೊತ್ತೇ ಆಗಿರಲಿಲ್ಲ ಅವನಿಗೆ, ಶುಗರಿಗೆ ಪಾದ ಮರಗಟ್ಟಿತ್ತು. ಹೋದ ವರ್ಷ ಇವರ ಕಾಲಿನ ಹೆಬ್ಬೆರಳು ತೆಗೆದದ್ದೂ ಹೀಗೇ — ಮೊಳೆ ಚುಚ್ಚಿಕೊಂಡೇ ಓಡಾಡಿದ್ದರು.
ಇವರ ಕೈಯ ಕೋಲು ಬಿತ್ತು. ಅಂಗಿ ಬಿಚ್ಚಿ ಪಾದಕ್ಕೆ ಸುತ್ತಿದರು. ಬೈಯುತ್ತ ಬೈಯುತ್ತಲೇ ತಮ್ಮನನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ...

ಜುಲೈ ೯, ಹಾಸನ, ಆಸ್ಪತ್ರೆ
ಗಾಯ ಕೊಳೆತು ಮೇಲೇರಿತ್ತು. ಮಾತ್ರೆ ಬಿಟ್ಟವನ ಶುಗರ್ ಹತೋಟಿಗೇ ಬರಲಿಲ್ಲ. ನಿನ್ನೆ ಮೊಣಕಾಲ ಕೆಳಗೆ ಕಾಲು ತೆಗೆದರು. ಅವನ ಹೆಂಡತಿ ಪ್ರೇಮಕುಮಾರಿ ಅತ್ತು ಅತ್ತು ಈಗ ನಿದ್ದೆಹೋಗಿದ್ದಾಳೆ.
ಹುತ್ತ ಇನ್ನಿಲ್ಲ. ಅಂಗಡಿ ಅಣಬೆ ತಂದು ಪಲ್ಯ ಮಾಡಿದೆ. ಎರಡು ಡಬ್ಬಿ, ಸಮ ಪಾಲು. ಒಂದೊಂದು ಸಣ್ಣ ಮುದ್ದೆ. ಪಕ್ಕದಲ್ಲಿ ಮಾತ್ರೆ.
ಪಾಲಾಕ್ಷ ಎಚ್ಚರವಾದ.
"ಅಣ್ಣ... ಕಾಲು ನೋಯ್ತದೆ."
"ಯಾವ್ದ್ಲಾ?"
"ಅದೇ. ಪಾದ."
ಗುದ್ದಲಿ ಬಿದ್ದಾಗ ನೋಯದ ಪಾದ.
ಇವರು ನನ್ನ ಮುಖ ನೋಡಿದರು. ಆಮೇಲೆ ಚಾದರ ಚಪ್ಪಟೆಯಾಗಿದ್ದ ಕಡೆ ಕೂತು, ಎರಡೂ ಕೈಯಿಂದ ಬರೀ ಹಾಸಿಗೆಯನ್ನು ಒತ್ತತೊಡಗಿದರು.
"ಇಲ್ಲೇನ್ಲಾ?"
"ಒಸಿ ಕೆಳೀಕೆ, ಅಣ್ಣ."
ಇವರು ಕೈ ಕೆಳಗೆ ಸರಿಸಿ ಅಲ್ಲಿ ಒತ್ತಿದರು.